ನಮ್ಮ ಬೇಸ್‌ಮೆಂಟ್ ಪಾಸಾದ ಕಥೆ

ಮನೆಯಲ್ಲಿ ಡೇ ಕೇರ್ ನಡೆಸುವವರು ತಮಾಷೆಯನ್ನು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ಅದೇ ಬೆಳಿಗ್ಗೆ ಡಯಪರ್ ಬ್ಯಾಗ್ ಸಮೇತ ಬಂದು ಬೆಲ್ ಮಾಡುತ್ತದೆ. ನಾರ್ತ್‌ವಿಲ್‌ನ ನಮ್ಮ ಮನೆಯಲ್ಲಿ ನಾನು ಎಷ್ಟೋ ವರ್ಷ ಹೆರವರ ಮಕ್ಕಳನ್ನು ನೋಡಿಕೊಂಡೆ. ಆದರೆ ಒಂದೇ ಒಂದು ರೂಮು ಬದಲಾಯಿಸಲು ಹೋಗಿ ಪಟ್ಟ ಪಾಡಿದೆಯಲ್ಲ, ಅಷ್ಟು ಪಾಡನ್ನು ಆ ಮಕ್ಕಳೆಲ್ಲ ಸೇರಿಯೂ ನನಗೆ ಕೊಟ್ಟಿರಲಿಲ್ಲ.

ಹುಬ್ಬಳ್ಳಿಯಿಂದ ಅತ್ತೆ ಆರು ತಿಂಗಳಿಗೆ ಬರುವವರಿದ್ದರು. ಮಂಡಿನೋವು, ಮೆಟ್ಟಿಲು ಆಗದು. ಮಕ್ಕಳು ಮಲಗುತ್ತಿದ್ದ ಕೆಳಗಿನ ರೂಮನ್ನು ಅವರಿಗೆ ಬಿಟ್ಟು, ಮಕ್ಕಳನ್ನು ಬೇಸ್‌ಮೆಂಟಿಗೆ ಇಳಿಸೋಣ ಅಂದುಕೊಂಡೆ. ಡೇ ಕೇರ್ ಲೈಸೆನ್ಸಿನ ನಿಯಮ ಹಾಗೆಲ್ಲ ಬಿಡುವುದಿಲ್ಲ. ಹೊಸ ಜಾಗವನ್ನು ಬಳಸುವ ಮೊದಲು ಆಫೀಸಿಗೆ ತಿಳಿಸಬೇಕು, ಅವರು ಬಂದು ನೋಡಬೇಕು, ಹೂಂ ಅನ್ನಬೇಕು. ಅನ್ನದಿದ್ದರೆ ಉಳಿಯುವುದು ಫ್ಯಾಮಿಲಿ ರೂಮ್ ಒಂದೇ. ಅಲ್ಲಿ ಎಲ್ಲ ಮಕ್ಕಳಿಗೂ ಜಾಗ ಸಾಲದು. ಎಲ್ಲರಿಗಿಂತ ಕೊನೆಗೆ ಸೇರಿದ್ದ ಪುಟ್ಟಿಯನ್ನು ವಾಪಸ್ ಕಳಿಸಬೇಕು. ಪುಟ್ಟಿಯ ಅಮ್ಮ ಡಿಯರ್‌ಬಾರ್ನ್‌ನಲ್ಲಿ ಎಂಜಿನಿಯರ್. ಅಪ್ಪನ ಕೆಲಸ ಷಿಕಾಗೋ ಕಡೆ, ಶನಿವಾರ ಮಾತ್ರ ಬರುತ್ತಿದ್ದ. "ಆಂಟಿ, ನೀವು ಇಲ್ಲ ಅಂದ್ರೆ ನಾನು ಕೆಲಸ ಬಿಡ್ಬೇಕಾಗತ್ತೆ," ಎಂದು ಆ ಹುಡುಗಿ ಕಣ್ಣು ತುಂಬಿಕೊಂಡಳು. ನನಗೆ ಅವತ್ತಿನಿಂದ ಸರಿಯಾಗಿ ಊಟ ಸೇರಲಿಲ್ಲ.

ಮೆಟ್ಟಿಲಿಲ್ಲದ ನಕ್ಷೆ

ಆಫೀಸಿಗೆ ಬೇಸ್‌ಮೆಂಟಿನ ಒಂದು ನಕ್ಷೆ ಕೊಡಬೇಕಿತ್ತು. ಪೆನ್ಸಿಲ್ಲಿನಲ್ಲಿ ಗೀಚಿದರೂ ನಡೆಯುತ್ತಿತ್ತು. ಆದರೆ ನಮ್ಮೆಜಮಾನರೂ ಕಾರ್ ಕಂಪನಿಯ ಎಂಜಿನಿಯರ್. ಶನಿವಾರ ಭಾನುವಾರ ಎರಡೂ ದಿನ ನೆಲದ ಮೇಲೆ ಹೊಟ್ಟೆ ಅಡಿಯಾಗಿ ಮಲಗಿ ಅಳೆದರು. ಇಂಚಿನ ಪಕ್ಕ ದಶಮಾಂಶ ಹಾಕಿದರು. ಸ್ವಿಚ್ ಬೋರ್ಡಿನ ಸ್ಕ್ರೂಗಳನ್ನೂ ಬಿಡಲಿಲ್ಲ.

ಇನ್‌ಸ್ಪೆಕ್ಷನ್ನಿಗೆ ಬಂದಾಕೆ ಎತ್ತರದ ಹೆಂಗಸು, ನಗು ಕಡಿಮೆ. ನಕ್ಷೆಯನ್ನು ಅತ್ತ ತಿರುಗಿಸಿ ನೋಡಿದಳು, ಇತ್ತ ತಿರುಗಿಸಿ ನೋಡಿದಳು.

"ತುಂಬಾ ಚೆನ್ನಾಗಿದೆ. ಆದರೆ ಮಕ್ಕಳು ಕೆಳಗೆ ಬರೋದು ಹೇಗೆ? ಇದರಲ್ಲಿ ಮೆಟ್ಟಿಲೇ ಇಲ್ಲವಲ್ಲ?"

ಇವರು ಕನ್ನಡಕ ಸರಿಮಾಡಿಕೊಂಡು ಗಂಭೀರವಾಗಿ ಹೇಳಿದರು: "ಅದು ನೆಕ್ಸ್ಟ್ ವರ್ಷನ್‌ನಲ್ಲಿ ಬರುತ್ತೆ."

ಸಿಂಹಾಸನ

ಚಳಿಗೆ ಮನೆ ಬೆಚ್ಚಗಿಡುವ ಫರ್ನೆಸ್ ಸುತ್ತಮುತ್ತ ಬೆಂಕಿ ಹತ್ತುವಂಥದ್ದು ಏನೂ ಇರಬಾರದು ಎಂದಳಾಕೆ. ನಮ್ಮ ಫರ್ನೆಸ್ ಸುತ್ತ ಬೆಂಕಿ ಹತ್ತುವಂಥದ್ದು ಬಿಟ್ಟು ಬೇರೇನೂ ಇರಲಿಲ್ಲ. ನಾವು ಕೊಂಡ ಪ್ರತಿ ಟಿವಿಯ ಖಾಲಿ ಡಬ್ಬ ಅಲ್ಲಿತ್ತು. ಟಿವಿ ಹೋಗಿದ್ದರೂ ಡಬ್ಬ ಇತ್ತು. ಜೊತೆಗೆ ಊರಿನ ಸೂಟ್‌ಕೇಸುಗಳು, ಅಕ್ಕಿ ಮೂಟೆ. ಎಲ್ಲಕ್ಕಿಂತ ಮುಂದೆ, ಕನ್ನಡ ಕೂಟದ ನಾಟಕಕ್ಕೆ ಮಾಡಿಸಿದ್ದ ರಟ್ಟಿನ ಸಿಂಹಾಸನ. ಇಡೋಕೆ ಜಾಗ ಇಲ್ಲ ಅಂತ ಕೂಟದವರು ಎರಡು ದಿನಕ್ಕೆಂದು ತಂದಿಟ್ಟವರು ವರ್ಷವಾದರೂ ಇತ್ತ ತಲೆ ಹಾಕಿರಲಿಲ್ಲ.

ಆಕೆ ಸಿಂಹಾಸನದ ಮುಂದೆ ನಿಂತಳು. ಹುಬ್ಬು ಗಂಟಿಕ್ಕಿತು. "ತಪ್ಪು ಮಾಡಿದ ಮಕ್ಕಳನ್ನ ಇದರ ಮೇಲೆ ಕೂರಿಸ್ತೀರಾ?"

ನಾನು ಬಾಯಿ ತೆರೆಯುವಷ್ಟರಲ್ಲಿ, ಆಗಷ್ಟೇ ಸ್ಕೂಲಿನಿಂದ ಬಂದಿದ್ದ ನನ್ನ ಮಗಳು ಮೆಟ್ಟಿಲ ಮೇಲಿಂದಲೇ ಕೂಗಿದಳು: "ನೋ, ಓನ್ಲಿ ಡ್ಯಾಡ್! ವೆನ್ ಇಂಡಿಯಾ ಲೂಸಸ್!"

ಉತ್ತರಕ್ಕೆ ತಲೆ

ನಕ್ಷೆಗೆ ಮೆಟ್ಟಿಲು ಸೇರಿಸಿ, ಫರ್ನೆಸ್ ಸುತ್ತಲಿನದನ್ನೆಲ್ಲ ಗ್ಯಾರೇಜಿಗೆ ಸಾಗಿಸುವಷ್ಟರಲ್ಲಿ ಅತ್ತೆ ಬಂದಿಳಿದರು. ನಮ್ಮ ಬೇಸ್‌ಮೆಂಟಿಗೆ ಹಿತ್ತಲ ಕಡೆಯಿಂದಲೂ ಒಂದು ಬಾಗಿಲಿದೆ. ಅತ್ತೆ ಮೆಟ್ಟಿಲಿನ ಗೊಡವೆಯೇ ಬೇಡವೆಂದು ಮನೆ ಸುತ್ತಿಕೊಂಡು ಆ ಬಾಗಿಲಿಂದ ಒಳಗೆ ಹೋಗಿ, ನಾನು ಸಾಲಾಗಿ ಜೋಡಿಸಿದ್ದ ಪುಟ್ಟ ಹಾಸಿಗೆಗಳನ್ನು ನೋಡಿ ಎದೆ ಮುಟ್ಟಿಕೊಂಡರು.

"ಏನವಾ ಇದು! ಕೂಸುಗಳ ತಲಿ ಉತ್ತರಕ್ಕ ಹಾಕೀಯಲ್ಲ!"

ಮಾರನೆಯ ದಿನ ಇನ್‌ಸ್ಪೆಕ್ಟರಮ್ಮ ಬಂದಾಗ ಹಾಸಿಗೆಗಳೆಲ್ಲ ದಿಕ್ಕು ಬದಲಿಸಿ, ಹಿತ್ತಲ ಬಾಗಿಲಿಗೆ ಅಡ್ಡಡ್ಡ ಮಲಗಿದ್ದವು. "ಬಾಗಿಲಿಗೆ ಅಡ್ಡ ಏನೂ ಇರಕೂಡದು," ಎಂದಳಾಕೆ. "ಉತ್ತರಕ್ಕ ತಲಿ ಇರಬಾರದು," ಎಂದರು ಅತ್ತೆ. ಒಬ್ಬರಿಗೆ ಕನ್ನಡ ಬಾರದು, ಇನ್ನೊಬ್ಬರಿಗೆ ಇಂಗ್ಲಿಷ್ ಬಾರದು. ಇಬ್ಬರಿಗೂ ಸೋಲಲು ಬಾರದು. ಇಬ್ಬರ ಮಾತನ್ನೂ ಅರ್ಧ ಮೆತ್ತಗೆ ಮಾಡಿ ದಾಟಿಸುತ್ತ ನಾನು ಹಾಸಿಗೆಗಳನ್ನು ತಳ್ಳಾಡಿದೆ. ಕೊನೆಗೆ ತಲೆಗಳು ಪೂರ್ವಕ್ಕೆ ಬಂದು, ಬಾಗಿಲೂ ತೆರವಾಯಿತು.

ಆಕೆ ಹೊರಟು ಕಾರಿನವರೆಗೆ ಹೋದವಳು ತಿರುಗಿ ಬಂದು ಪಿಸುಮಾತಿನಲ್ಲಿ ಕೇಳಿದಳು: "ನನ್ನ ಮಂಚದ ತಲೆ ಉತ್ತರಕ್ಕೇ ಇದೆ. ನನಗೆ ನಿದ್ದೆ ಬರದೇ ಇರೋದು ಅದಕ್ಕೇನಾ ಅಂತ ಅವರನ್ನ ಸ್ವಲ್ಪ ಕೇಳ್ತೀರಾ?"

ಅಲಾರಂ

ಉಳಿದದ್ದು ಒಂದೇ ಪರೀಕ್ಷೆ. ಸ್ಮೋಕ್ ಅಲಾರಂ ಹೊಡೆದಾಗ ಮಕ್ಕಳು ಬೇಸ್‌ಮೆಂಟಿನಿಂದ ಹಿತ್ತಲ ಬಾಗಿಲಲ್ಲಿ ಹೊರಗೆ ಹೋಗಬೇಕು. ಮಕ್ಕಳನ್ನು ಕೆಳಗೆ ಕರೆತಂದು, ಬಾಗಿಲು ತೋರಿಸಿ, ಇಬ್ಬಿಬ್ಬರ ಕೈ ಹಿಡಿಸಿ ಎರಡು ಸಲ ಹೊರಗೆ ನಡೆಸಿದೆ. ಆಕೆ ಗುಂಡಿ ಒತ್ತಿದಳು. ಮನೆಯ ಅಲಾರಂಗಳೆಲ್ಲ ಒಟ್ಟಿಗೆ ಕಿರುಚಿದವು.

ಮಕ್ಕಳು ಥಟ್ಟನೆ ಎದ್ದರು. ನನಗೆ ಹೆಮ್ಮೆಯೋ ಹೆಮ್ಮೆ. ಆದರೆ ಒಬ್ಬರೂ ಹಿತ್ತಲ ಕಡೆ ತಿರುಗಲಿಲ್ಲ. ದಡದಡ ಮೆಟ್ಟಿಲು ಹತ್ತಿ ಓಡಿದರು. ನಾವು ಹಿಂದೆ ಓಡಿ ನೋಡಿದರೆ, ಎಲ್ಲರೂ ಅಡುಗೆಮನೆಯ ನೆಲದಲ್ಲಿ ಚಕ್ಕಳಮಕ್ಕಳ ಹಾಕಿ ಸಾಲಾಗಿ ಕೂತಿದ್ದಾರೆ. ಪುಟ್ಟಿ ಮುಂದೆ ತಟ್ಟೆ ಬೇರೆ!

ಆಗ ಹೊಳೆಯಿತು. ಅತ್ತೆ ಬಂದಂದಿನಿಂದ ದಿನಾ ಮಧ್ಯಾಹ್ನ ಒಣಮೆಣಸಿನಕಾಯಿ ಒಗ್ಗರಣೆ ಚುರ್ ಎಂದ ಕೂಡಲೇ ಅಲಾರಂ ಹೊಡೆಯುತ್ತಿತ್ತು. ಅದರ ಹಿಂದೆಯೇ ರೊಟ್ಟಿ ಊಟ. ಈ ಮಕ್ಕಳ ಪಾಲಿಗೆ ಅದು ಬೆಂಕಿಯ ಅಲಾರಂ ಅಲ್ಲ, ಊಟದ ಗಂಟೆ.

ಆಕೆ ನಗಲಿಲ್ಲ. "ನಿಜವಾಗಿ ಬೆಂಕಿ ಬಿದ್ದರೆ ಈ ಮಕ್ಕಳು ಅಡುಗೆಮನೆಗೇ ಬಂದು ಕೂರುತ್ತಾರೆ. ನಾನು ಪಾಸ್ ಮಾಡಲಾರೆ," ಎಂದಳು. ಮಾತು ನಿಜ. ಪುಟ್ಟಿಯ ಅಮ್ಮನಿಗೆ ಯಾವ ಬಾಯಲ್ಲಿ ಹೇಳಲಿ?

"ಏನಂತಾಳವಾ ಆಕಿ?" ಎಂದರು ಅತ್ತೆ. ಹೇಳಿದೆ.

"ಇಷ್ಟ ಹೌದಿಲ್ಲೋ? ಇನ್ನೊಮ್ಮೆ ಒತ್ತಂತ ಹೇಳು ಆಕಿಗೆ."

ರೊಟ್ಟಿ ಬುಟ್ಟಿ ಸೊಂಟಕ್ಕಿಟ್ಟುಕೊಂಡು, ಶಾಲು ಹೊದ್ದು, ಅತ್ತೆ ಮನೆ ಸುತ್ತಿ ಹಿತ್ತಲಿನ ಹುಲ್ಲಿನ ಮೇಲೆ ಹೋಗಿ ಕೂತರು. ಇಲ್ಲಿಯ ಲೆಕ್ಕದಲ್ಲಿ ನಲವತ್ತು ಡಿಗ್ರಿ, ಊರ ಲೆಕ್ಕದಲ್ಲಿ ನಾಲ್ಕೈದೇ ಡಿಗ್ರಿ ಚಳಿ. ಮಕ್ಕಳನ್ನು ಮತ್ತೆ ಬೇಸ್‌ಮೆಂಟಿಗೆ ಇಳಿಸಿ, ಹಿತ್ತಲ ಬಾಗಿಲ ಗಾಜಿನಿಂದ ಅಜ್ಜಿಯನ್ನೂ ಬುಟ್ಟಿಯನ್ನೂ ತೋರಿಸಿದೆ. ಗುಂಡಿ ಒತ್ತಿದ್ದೇ ತಡ, ಬಾಗಿಲು ದಾಟಿ ಹೊರಗೆ! ಆಕೆ ಗಡಿಯಾರ ನೋಡುವಷ್ಟರಲ್ಲಿ ಒಳಗೆ ಒಂದು ಪಿಳ್ಳೆಯೂ ಇರಲಿಲ್ಲ.

ಒಗ್ಗರಣೆಗೆ ಫ್ಯಾನ್ ಹಾಕಬೇಕು, ಒಂದು ತಿಂಗಳು ವಾರವಾರವೂ ಹೀಗೇ ಹೊರಗೆ ಅಭ್ಯಾಸ ಮಾಡಿಸಬೇಕು ಎಂದು ತಾಕೀತು ಮಾಡಿ ಆಕೆ ಸಹಿ ಹಾಕಿದಳು. ಪುಟ್ಟಿ ಉಳಿದಳು, ಅವಳಮ್ಮನ ಕೆಲಸವೂ ಉಳಿಯಿತು. ನಾನು ಅವತ್ತು ಹೊಟ್ಟೆತುಂಬ ಉಂಡೆ.

ಮುಂದಿನ ವರ್ಷ ಪುಟ್ಟಿ ಕಿಂಡರ್‌ಗಾರ್ಟನ್ ಸೇರಿದಳು. ಮೊದಲ ಫೈರ್ ಡ್ರಿಲ್ ದಿನವೇ ಟೀಚರು ಅವಳಮ್ಮನಿಗೆ ಫೋನ್ ಮಾಡಿದರು: "ಗಾಬರಿಯಾಗಬೇಡಿ. ಇಡೀ ಶಾಲೆಗೆ ನಿಮ್ಮ ಮಗಳೇ ಮೊದಲು ಹೊರಗೆ ಬಂದಳು. ಆದರೆ ಈಗ ಹುಲ್ಲಿನ ಮೇಲೆ ಕಾಲು ಮಡಚಿ ಕೂತುಬಿಟ್ಟಿದ್ದಾಳೆ. ಅಜ್ಜಿ ರೊಟ್ಟಿ ತರದೆ ಏಳೋದಿಲ್ಲವಂತೆ."