ಕ್ಯಾಮರನ್ ಬೆಟ್ಟದಲ್ಲಿ ಮಂಕಿಕ್ಯಾಪ್

ಬೇರೆಯವರ ಮಕ್ಕಳನ್ನು ಚಳಿಗೆ ಬಿಟ್ಟು ಗಟ್ಟಿಮುಟ್ಟಾಗಿ ಬೆಳೆಸುವುದು ಹೇಗೆ ಎಂಬುದರ ಮೇಲೆ ನಾನು ಎಷ್ಟು ಹೊತ್ತು ಬೇಕಾದರೂ ಮಾತನಾಡಬಲ್ಲೆ. ತೊಂದರೆ ಶುರುವಾಗುವುದು ಸ್ವಂತ ಮಗುವಿನ ಕಿವಿಗೆ ಗಾಳಿ ತಾಕಿದಾಗ. ಮಲೇಷ್ಯಾದ ಪೆಟಾಲಿಂಗ್ ಜಯಾದಲ್ಲಿರುವ ನಮ್ಮ ಆಫೀಸಿನಲ್ಲಿ ಊಟದ ಹೊತ್ತಿಗೆ ನನ್ನ ಭಾಷಣ ಕೇಳದವರಿಲ್ಲ. ಚಳಿದೇಶಗಳಲ್ಲಿ ಹಸುಗೂಸುಗಳನ್ನು ಹಿಮದಲ್ಲೇ ಮಲಗಿಸುತ್ತಾರೆ, ನರ್ಸರಿ ಮಕ್ಕಳು ದಿನವಿಡೀ ಕಾಡಿನಲ್ಲಿರುತ್ತಾರೆ, ನಾವೋ ಏಸಿಯಲ್ಲಿಟ್ಟು ಹಾಳು ಮಾಡುತ್ತಿದ್ದೇವೆ ಎಂದು, ಎಲ್ಲೋ ಓದಿದ್ದನ್ನು ಕಣ್ಣಾರೆ ಕಂಡವನಂತೆ ಹೇಳುತ್ತಿದ್ದೆ. ಮಗಳು ಪುಟ್ಟಿಯನ್ನು ಫಿನ್‌ಲೆಂಡಿನ ಐನೋ ಟೀಚರ್ ನಡೆಸುವ ನರ್ಸರಿಗೇ ಸೇರಿಸಿದೆ. ಮಳೆಯಾಗಲಿ ಕೆಸರಾಗಲಿ ನಮ್ಮದೇನೂ ಅಭ್ಯಂತರವಿಲ್ಲ ಎಂದು ಅಂದು ನಾನು ಎದೆಯುಬ್ಬಿಸಿ ಹೇಳಿದ್ದು ಹೆಂಡತಿಗೆ ಇನ್ನೂ ನೆನಪಿದೆ. ಅವಳಿಗೆ ಇಂಥವೇ ನೆನಪಿರುತ್ತವೆ.

ಹೋದ ತಿಂಗಳು ನರ್ಸರಿಯವರು ಮಕ್ಕಳನ್ನೂ ಪೋಷಕರನ್ನೂ ಕ್ಯಾಮರನ್ ಹೈಲ್ಯಾಂಡ್ಸ್‌ಗೆ ಕರೆದೊಯ್ದರು. ಸೆಖೆಯ ಈ ದೇಶದಲ್ಲಿ ಚಳಿ ಎಂಬ ಪದಾರ್ಥ ಸಿಗುವುದು ಆ ಬೆಟ್ಟದಲ್ಲೇ. ಅಲ್ಲಿನ ತೊರೆಗೆ ಕಲ್ಲಿನ ಕಟ್ಟೆ ಕಟ್ಟುತ್ತೇವೆಂದು ಪುಟ್ಟಿ ವಾರದಿಂದ ಕುಣಿಯುತ್ತಿದ್ದಳು. ಹೆಂಡತಿಗೆ ರಜೆ ಸಿಗದೆ ನಾನೊಬ್ಬನೇ ಜೊತೆಗೆ ಹೊರಟೆ. ಅಷ್ಟರಲ್ಲಿ ಮೈಸೂರಿನಿಂದ ಅಮ್ಮನ ಫೋನು. "ಮೈ ನೆಂದ್ರೂ ಪರವಾಗಿಲ್ಲ ಕಣೋ, ಕಿವಿಗೆ ಗಾಳಿ ಹೋದ್ರೆ ಮುಗೀತು. ಹತ್ತಿ ಇಟ್ಟು ಟೋಪಿ ಹಾಕು." ಅಮ್ಮನಿಗೆ ಫಿನ್‌ಲೆಂಡಿನ ಭಾಷಣ ಮಾಡುವ ಧೈರ್ಯ ನನಗಿರಲಿಲ್ಲ. ಅದಕ್ಕಿಂತ ನಾಚಿಕೆಗೇಡಿನ ಸಂಗತಿಯೆಂದರೆ, ಟೋಪಿ ಆಗಲೇ ನನ್ನ ಬ್ಯಾಗಿನಲ್ಲಿತ್ತು.

ಬೆಟ್ಟದಲ್ಲಿ ಜಿಟಿಜಿಟಿ ಮಳೆ. ಬೇರೆ ಮಕ್ಕಳು ರೇನ್‌ಕೋಟು, ರಬ್ಬರ್ ಬೂಟು ಹಾಕಿಕೊಂಡು ತೊರೆಗಿಳಿದರು. ನನ್ನ ಮಗಳಿಗೆ ಸ್ವೆಟರ್ ಮೇಲೆ ಸ್ವೆಟರ್, ಮಫ್ಲರ್, ಕಿವಿಗೆ ಹತ್ತಿ, ಎಲ್ಲದರ ಮೇಲೆ ಕಣ್ಣು, ಮೂಗು, ಬಾಯಿ ಬಿಟ್ಟು ಮಿಕ್ಕದ್ದನ್ನೆಲ್ಲ ಮುಚ್ಚುವ ಮಂಕಿಕ್ಯಾಪ್. ಕಲ್ಲೆತ್ತೋಣವೆಂದರೆ ಕೈ ಮಡಚದು, ಗೆಳತಿಯರು ಕೂಗಿದರೆ ಕೇಳಿಸದು. "ಸ್ವಲ್ಪ ಬಿಸಿಲು ಬರ್ಲಿ ಪುಟ್ಟಿ, ಇಲ್ಲೇ ಕೂತು ನೋಡೋಣ" ಎಂದು ಬೆಂಚಿನ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡೆ. ಐನೋ ಟೀಚರ್ ಬಂದು ಅವಳೆದುರು ಮೊಣಕಾಲೂರಿ, ಹುಷಾರಿಲ್ಲವೇ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಕಿವಿಯಲ್ಲಿ ಹತ್ತಿಯಿದ್ದುದರಿಂದ ಪುಟ್ಟಿ ಅಗತ್ಯಕ್ಕಿಂತ ಜೋರಾಗಿಯೇ, ಇಲ್ಲಿನವರಂತೆ ಕೊನೆಗೊಂದು 'ಲಾ' ಸೇರಿಸಿ, ಉತ್ತರಿಸಿದಳು: "ನೋ ಟೀಚರ್, ಐ ಆಮ್ ಓಕೆ. ಅಪ್ಪ ಈಸ್ ಸ್ಕೇರ್ಡ್ ಲಾ."

ತೊರೆಯ ಆಚೆಗಿದ್ದ ಅಪ್ಪಂದಿರೂ ತಿರುಗಿ ನೋಡಿದರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅಳುತ್ತ ಹೇಳಿದ್ದರೆ ರಮಿಸಬಹುದಿತ್ತು. ಅವಳು ನನ್ನ ಪರವಾಗಿ ಕ್ಷಮೆ ಕೇಳುವವಳಂತೆ ಹೇಳಿದ್ದಳು. ಅವಳ ಮೈಮೇಲಿದ್ದುದನ್ನೆಲ್ಲ ಒಂದೊಂದೇ ಕಳಚಿದೆ. ಟೋಪಿ ತೆಗೆದರೆ ಕೂದಲೆಲ್ಲ ಬೆವರಿನಿಂದ ತೊಯ್ದುಹೋಗಿತ್ತು. ಮಳೆಗೆ ಹೆದರಿ ಮಗಳನ್ನು ನಾನೇ ನೆನೆಸಿಟ್ಟಿದ್ದೆ. ಟೀಚರ್ ಕೊಟ್ಟ ರೇನ್‌ಕೋಟು ತೊಟ್ಟು ಓಡಿದವಳು ಏನೋ ನೆನಪಾದಂತೆ ಹಿಂದಿರುಗಿ, ನನ್ನ ಕೈಯಲ್ಲಿದ್ದ ಟೋಪಿ ಕಸಿದು ನನ್ನ ತಲೆಗೇ ಎಳೆದಳು. "ಯೂ ವೇರ್, ಅಪ್ಪ. ಡೋಂಟ್ ಬಿ ಸ್ಕೇರ್ಡ್." ಅದನ್ನು ತೆಗೆಯಲು ನನಗೆ ಮನಸ್ಸಾಗಲಿಲ್ಲ.

ಸಂಜೆ ನರ್ಸರಿಯ ವಾಟ್ಸಾಪ್ ಗುಂಪಿಗೆ ಫೋಟೊ ಬಂತು: ಕೆಸರು ಮೆತ್ತಿಕೊಂಡು ನಗುವ ಮಕ್ಕಳು, ನೆಂದ ಟೀಚರ್, ಹಿಂದೆ ಬೆಂಚಿನ ಮೇಲೆ ಮಂಕಿಕ್ಯಾಪಿನಲ್ಲಿ ನಾನು. ಹೆಂಡತಿ ಅದನ್ನು ತಕ್ಷಣ ಮೈಸೂರಿಗೆ ಕಳಿಸಿದಳು. "ಸದ್ಯ, ನೀನಾದ್ರೂ ನನ್ ಮಾತು ಕೇಳಿದ್ಯಲ್ಲ" ಎಂದು ಅಮ್ಮ ನನಗೆ ಫೋನು ಮಾಡಿ ಸಂತೋಷಪಟ್ಟಳು. ಆಫೀಸಿನಲ್ಲಿ ಊಟದ ಹೊತ್ತಿಗೆ ನಾನೀಗ ಊಟವನ್ನಷ್ಟೇ ಮಾಡುತ್ತೇನೆ.