ಗೆಲ್ಲಬೇಕಿದ್ದವರ ಸಂಘ

ನಮ್ಮ ಸಂಘ ಗೆದ್ದವಳ ಗೆಲುವನ್ನು ಕಿತ್ತು ಸೋತವನಿಗೆ ಕೊಟ್ಟಿತು. ಕದ್ದುಮುಚ್ಚಿ ಅಲ್ಲ. ಸಭೆ ಕರೆದು, ಠರಾವು ಮಾಡಿ, ಕಾಫಿ ಕುಡಿದು ಕೊಟ್ಟಿತು.

ಗೆದ್ದವಳು ಡಾರ್ಲೀನ್ ಕೂಸಿಸ್ಟೊ, ಶಾಲಾ ಬಸ್ಸು ಓಡಿಸುತ್ತಾಳೆ. ಸೋತವನು ಲೂಸಿಯನ್ ಗೊಥಿಯೆ, ಹಾಸಿಗೆ ಅಂಗಡಿಯಲ್ಲಿ ಮಾರಾಟದ ಕೆಲಸದಲ್ಲಿದ್ದಾನೆ. ಕಿತ್ತು ಕೊಟ್ಟವರು ಸಂಘದ ಕಾರ್ಯದರ್ಶಿ ವೆಂಡೆಲ್ ಪ್ರಿಸ್ಟೈ, ಗಣಿಯ ನಿವೃತ್ತ ಸುರಕ್ಷತಾ ನಿರೀಕ್ಷಕರು. ಉಳಿದವರೆಲ್ಲ ಕೈ ಎತ್ತಿದವರು. ಅವರ ಹೆಸರು ಬೇಕಿಲ್ಲ.

ಕೆನಡಾದ ಗಣಿ ಊರು ಸಡ್ಬರಿಯಲ್ಲಿ, ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಸಿ ಆಡುವ ಕರ್ಲಿಂಗ್ ಅಂಗಳದ ಮಹಡಿಯಲ್ಲಿ ಭಾನುವಾರ ಮಧ್ಯಾಹ್ನ ಸೇರುವ ಈ ಸಂಸ್ಥೆಯ ಹೆಸರು ಸಣ್ಣ ಪಣದ ಪೋಕರ್ ಸುಧಾರಣಾ ಸಂಘ. ಸದಸ್ಯರು ವಾರವಿಡೀ ತಮ್ಮ ಮನೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಒಂದೆರಡು ಡಾಲರಿನ ಟೂರ್ನಿ ಆಡುತ್ತಾರೆ, ಭಾನುವಾರ ಫಲಿತಾಂಶ ಒಪ್ಪಿಸುತ್ತಾರೆ. ಚಳಿಗಾಲದ ಕೊನೆಗೆ ಯಾರ ಫಲಿತಾಂಶ ಎಲ್ಲರಿಗಿಂತ ಚೆನ್ನಾಗಿದೆಯೋ ಅವರನ್ನು ಸಂಘದ ಖರ್ಚಿನಲ್ಲಿ ನಯಾಗರಾದ ದೊಡ್ಡ ಪಂದ್ಯಕ್ಕೆ ಕಳಿಸಬೇಕು. ಅಲ್ಲಿ ನಿಜವಾದ ಮೇಜು, ಕೈಗೆ ಸಿಗುವ ಇಸ್ಪೀಟೆಲೆ, ಎದುರಿಗೆ ಮನುಷ್ಯರ ಮುಖ.

ಆ ಮೇಜಿನ ಮುಂದಿನ ಕುರ್ಚಿ ಡಾರ್ಲೀನ್‌ಗೆ ಬೇಕಿತ್ತು. ಹಿಮ ಬೀಳುವುದಕ್ಕೆ ಮೊದಲೇ ಮಾರ್ಚ್ ತಿಂಗಳಿಗೆ ರಜೆ ಬರೆದುಕೊಟ್ಟು ಬಂದಿದ್ದಳು. "ಬಸ್ಸಿನಲ್ಲಿ ಕೂತು ಕೂತು ಎಲ್ಲರ ಮುಖಾನೂ ಕನ್ನಡಿಯಲ್ಲೇ ನೋಡಿದ್ದೀನಿ. ಒಂದು ಸಲ ಎದುರಿಗೆ ಕೂತು ನೋಡ್ಬೇಕು, ಯಾರು ಸುಳ್ಳು ಹೇಳ್ತಾರೆ ಅಂತ," ಅಂದಿದ್ದಳು.

ಮೊದಲ ಎರಡು ತಿಂಗಳು ಎಲ್ಲರೂ ಸೋತರು. ಗೋಡೆಯ ಮೇಲೆ ತೂಗುಹಾಕಿದ್ದ ಫಲಿತಾಂಶದ ನಕ್ಷೆಯ ಗೆರೆ ಗಣಿಗೆ ಇಳಿಯುವ ಲಿಫ್ಟಿನ ಹಾಗೆ ನೇರ ಕೆಳಗೆ ಹೋಯಿತು. ವೆಂಡೆಲ್ ಅದರ ಮುಂದೆ ನಿಂತು ಪರಿಸ್ಥಿತಿಯನ್ನು ವಿವರಿಸಿದರು. ಸಂಘದ ಹೆಸರಿನಲ್ಲಿ ಸುಧಾರಣೆ ಇದೆ. ಆಟ ಸುಧಾರಿಸುತ್ತಿಲ್ಲ. ಆದ್ದರಿಂದ ಲೆಕ್ಕ ಸುಧಾರಿಸಬೇಕು.

ಗಣಿಯಲ್ಲಿ ಒಂದು ಪದ್ಧತಿ ಇದೆ. ಬಂಡೆ ಕಳಚಿ ಮನುಷ್ಯನ ಪಕ್ಕದಲ್ಲಿ, ಗೇಣು ದೂರದಲ್ಲಿ ಬಿದ್ದರೆ, ಏನೂ ಆಗಲಿಲ್ಲ ಎಂದು ಬರೆಯುವಂತಿಲ್ಲ. ತಲೆಯ ಮೇಲೆ ಬಿದ್ದಷ್ಟೇ ಗಂಭೀರವಾಗಿ ಬರೆದು ವಿಚಾರಣೆ ಮಾಡಬೇಕು. ಒಳ್ಳೆಯ ಪದ್ಧತಿ, ಎಷ್ಟೋ ತಲೆಗಳನ್ನು ಉಳಿಸಿದೆ. ವೆಂಡೆಲ್ ಅದನ್ನು ಇಸ್ಪೀಟಿಗೆ ತಂದರು.

ಆ ವಾರ ಲೂಸಿಯನ್ ಕೈಗೆ ಜೋಡಿ ಎಕ್ಕ ಬಂದಿತ್ತು. ಇದ್ದದ್ದನ್ನೆಲ್ಲ ಪಣಕ್ಕೆ ನೂಕಿದ್ದ. ಎದುರಿನವನ ಹತ್ತಿರ ಜೋಡಿ ಏಳು. ಐದು ಸಲ ಆಡಿದರೆ ನಾಲ್ಕು ಸಲ ಎಕ್ಕವೇ ಗೆಲ್ಲಬೇಕು. ಮೇಜಿನ ಮೇಲೆ ಮೂರನೆಯ ಏಳು ಬಿತ್ತು, ಲೂಸಿಯನ್ ಮನೆಗೆ ಹೋದ. ಮನೆಯಲ್ಲೇ ಇದ್ದವನಾದ್ದರಿಂದ ಅಡುಗೆಮನೆಗೆ ಹೋದ.

ಮುಂದಿನ ಭಾನುವಾರ ಬಾಗಿಲಿಗೆ ಹೀಗೊಂದು ಪ್ರಕಟಣೆ ಅಂಟಿಸಲಾಯಿತು:

"ಗೆಲ್ಲಬೇಕಿದ್ದು ಕೂದಲೆಳೆಯಲ್ಲಿ ತಪ್ಪಿದ ಪ್ರತಿ ಆಟವನ್ನೂ ಇನ್ನು ಮುಂದೆ ಗೆಲುವು ಎಂದೇ ದಾಖಲಿಸತಕ್ಕದ್ದು. ಸೋಲಬೇಕಿದ್ದು ಅದೃಷ್ಟವಶಾತ್ ಗೆದ್ದ ಪ್ರತಿ ಆಟವನ್ನೂ ಅಪಘಾತ ಎಂದು ದಾಖಲಿಸತಕ್ಕದ್ದು. ಯಾವುದು ಯಾವುದೆಂಬುದನ್ನು ಕಾರ್ಯದರ್ಶಿಯವರು ತೀರ್ಮಾನಿಸತಕ್ಕದ್ದು."

ಸುಧಾರಣೆ ಕೂಡಲೇ ಕಂಡಿತು. ನಕ್ಷೆಯ ಗೆರೆ ತಿರುಗಿ ಮೇಲೆ ಹತ್ತಿತು. ಸದಸ್ಯರು ಒಬ್ಬರ ಬೆನ್ನು ಒಬ್ಬರು ತಟ್ಟಿಕೊಂಡರು. ಎಲ್ಲರೂ ಗೆಲ್ಲಬೇಕಿದ್ದವರೇ, ಇಷ್ಟು ದಿನ ಯಾರೂ ಹೇಳಿರಲಿಲ್ಲ ಅಷ್ಟೆ.

ಈ ನಡುವೆ ಡಾರ್ಲೀನ್ ಒಂದು ಅಕ್ರಮ ಎಸಗಿದಳು. ತಾನು ಯಾಕೆ ಸೋಲುತ್ತಿದ್ದೇನೆ ಎಂದು ನೋಡಿದಳು. ಸೋತ ಟೂರ್ನಿಗಳನ್ನೆಲ್ಲ ತಿರುಗಿ ತೆಗೆದು ನೋಡಿದರೆ ಒಂದೇ ಕಾಯಿಲೆ: ಒಳ್ಳೆಯ ಎಲೆ ಬರುವ ತನಕ ಸುಮ್ಮನೆ ಕೂರಲಾಗದೆ, ಬೇಸರಕ್ಕೆ, ಕೆಟ್ಟ ಎಲೆಗೂ ಪಣ ಕಟ್ಟುತ್ತಿದ್ದಳು. ಅದಕ್ಕೆ ಆಡುವಾಗ ತೊಡೆಯ ಮೇಲೆ ಬೋಗುಣಿ ಇಟ್ಟುಕೊಂಡು ಆಲೂಗಡ್ಡೆ ಸುಲಿಯಲು ಶುರುಮಾಡಿದಳು. "ಕೈಯಲ್ಲಿ ಹಸಿ ಆಲೂಗಡ್ಡೆ ಇದ್ರೆ ಸುಮ್ಮಸುಮ್ಮನೆ ಮೌಸ್ ಮುಟ್ಟೋಕೆ ಮನಸ್ಸಾಗಲ್ಲ," ಅಂದಳು. ಅವಳ ಮನೆಯವರು ಆ ಚಳಿಗಾಲ ಬೇರೇನೂ ತಿನ್ನಲಿಲ್ಲ. ಡಾರ್ಲೀನ್ ಗೆಲ್ಲತೊಡಗಿದಳು.

ಮೊದಲ ಗೆಲುವನ್ನು ಒಪ್ಪಿಸಲು ಬಂದಾಗ ವೆಂಡೆಲ್ ಗಣಿಯಿಂದ ತಂದಿದ್ದ ಅಪಘಾತದ ನಮೂನೆಯನ್ನು ಹೊರತೆಗೆದರು.

"ಯಾವಾಗ ನಡೆಯಿತು?"

"ಮಂಗಳವಾರ."

"ಯಾರಿಗಾದರೂ ಪೆಟ್ಟಾಯಿತಾ?"

"ಎರಡನೇ ಸ್ಥಾನ ಬಂದೋನಿಗೆ ಆಗಿರಬೇಕು."

"ಕೊನೆಯ ಆಟದಲ್ಲಿ ನಿನ್ನ ಹತ್ತಿರ ಏನಿತ್ತು?"

"ರಾಜ, ಗುಲಾಮ. ಅವನ ಹತ್ತಿರ ಎಕ್ಕ, ಒಂಬತ್ತು. ಮೇಜಿನ ಮೇಲೆ ಇನ್ನೊಂದು ಗುಲಾಮ ಬಂತು."

"ಅಂದರೆ ನೀನು ಸೋಲಬೇಕಿತ್ತು."

"ಸೋಲಲಿಲ್ವಲ್ಲ."

"ಅದಕ್ಕೇ ಅಪಘಾತ ಅನ್ನೋದು."

"ಅಲ್ಲ ವೆಂಡೆಲ್, ಅದಕ್ಕೆ ಮುಂಚೆ ಮುನ್ನೂರು ಜನರನ್ನ ದಾಟಿಕೊಂಡು ಬಂದಿದ್ದೀನಲ್ಲ, ಅದು?"

ವೆಂಡೆಲ್ ಸ್ವಲ್ಪ ಯೋಚಿಸಿ ಬರೆದುಕೊಂಡರು. "ಸರಣಿ ಅಪಘಾತ."

ಮೇಲಿಂದ ಮೇಲೆ ಅಪಘಾತಕ್ಕೆ ಈಡಾಗುವವರಿಗೆ ಗಣಿಯಲ್ಲಿ ಏನು ಮಾಡುತ್ತಾರೋ ಇಲ್ಲೂ ಅದನ್ನೇ ಮಾಡಲಾಯಿತು. ಡಾರ್ಲೀನ್ ಸಭೆಯಲ್ಲಿ ಕಿತ್ತಳೆ ಬಣ್ಣದ ಮೇಲಂಗಿ ಹಾಕಿಕೊಂಡು ಕೂರಬೇಕು, ದೂರದಿಂದಲೇ ಎಲ್ಲರಿಗೂ ಗೊತ್ತಾಗಲಿ ಎಂದು. ಆಲೂಗಡ್ಡೆ ಸುಲಿಯುವ ಚಾಕುವನ್ನು ಅಪಾಯಕಾರಿ ಸಲಕರಣೆಗಳ ಪಟ್ಟಿಗೆ ಸೇರಿಸಲಾಯಿತು. ಸಭೆ ಮುಗಿದ ಮೇಲೆ ಅವಳಿಗೆ ಲೂಸಿಯನ್ ತರಬೇತಿ ಕೊಡಬೇಕು.

"ನಿನ್ನ ಕಷ್ಟ ಏನು ಗೊತ್ತಾ ಡಾರ್ಲೀನ್," ಅಂದ ಲೂಸಿಯನ್. "ಫಲಿತಾಂಶದ ಮೇಲೆ ಕಣ್ಣು. ಆಟದ ಮೇಲೆ ಇರ್ಬೇಕು ಕಣೇ. ನನ್ನ ನೋಡು, ಸೋತ ಮೇಲೂ ನಗ್ತಾ ಇರ್ತೀನಿ."

"ಗೆದ್ದ ಮೇಲೆ ಏನ್ ಮಾಡ್ತೀಯ?"

"ಅದಿನ್ನೂ ಗೊತ್ತಿಲ್ಲ."

"ಮತ್ತೆ ನನಗೆ ಏನ್ ಕಲಿಸ್ತೀಯೋ ಮಾರಾಯ."

ಲೂಸಿಯನ್‌ಗೆ ಬೇಜಾರಾಗಲಿಲ್ಲ. ಆ ವಾರದ ಲೆಕ್ಕದಲ್ಲಿ ಅವನೇ ಮೊದಲಿಗ.

ಇನ್ನು ನಿಧಿಯ ವಿಷಯ. ಗೆದ್ದ ಬಹುಮಾನದಲ್ಲಿ ಹತ್ತನೇ ಒಂದು ಪಾಲನ್ನು ಸಂಘಕ್ಕೆ ಕಟ್ಟಬೇಕೆಂದು ಹಳೆಯ ನಿಯಮ. ಗೆಲ್ಲಬೇಕಿದ್ದ ಸದಸ್ಯರು ಕಟ್ಟಬೇಕಿದ್ದ ಹಣವನ್ನು ಕಟ್ಟಬೇಕಿತ್ತು ಎಂದು ಬರೆದುಕೊಳ್ಳಲಾಯಿತು. ಹಾಗೆ ಬರೆದಿಟ್ಟ ಹಣಕ್ಕೆ ನಯಾಗರಾದ ಬಸ್ಸಿನವರೂ ಹೋಟೆಲಿನವರೂ ಏನನ್ನೂ ಕೊಡುವುದಿಲ್ಲ. ಆದ್ದರಿಂದ ಡಾರ್ಲೀನ್‌ಳಿಂದ ಪಾಲು ಹತ್ತನೇ ಒಂದರ ಬದಲು ಅರ್ಧ ತೆಗೆದುಕೊಳ್ಳುವುದೆಂದು ತೀರ್ಮಾನವಾಯಿತು.

"ನಾನು ಗೆದ್ದೇ ಇಲ್ಲ ಅಂದ್ಮೇಲೆ ಪಾಲು ಯಾಕೆ?" ಎಂದಳು ಡಾರ್ಲೀನ್.

"ಇದು ಪಾಲಲ್ಲ," ಅಂದರು ವೆಂಡೆಲ್. "ಅಪಘಾತ ಪರಿಹಾರ."

"ಪರಿಹಾರ ಪೆಟ್ಟು ತಿಂದೋರಿಗೆ ಕೊಡ್ತಾರೆ."

"ಸಂಘಕ್ಕೆ ಪೆಟ್ಟು ಬಿದ್ದಿದೆ. ನಕ್ಷೆಯಲ್ಲಿ ನಿನ್ನ ಅಪಘಾತಗಳನ್ನು ನೋಡಿದರೆ ಸದಸ್ಯರ ಮನಸ್ಸು ನೋಯುತ್ತದೆ."

ನಾನು ಎದ್ದು ಇದು ದರೋಡೆ ಎಂದೆ. ನನ್ನ ಆಕ್ಷೇಪಣೆಯನ್ನು ಗೌರವದಿಂದ ಬರೆದುಕೊಂಡರು. ನಾನು ಸಿಟ್ಟಿಗೆ ಕುರ್ಚಿ ಜರುಗಿಸಿದ್ದು ಕೂಡ ಅದೇ ಹಾಳೆಯಲ್ಲಿ ಅಪಘಾತದ ಖಾನೆಗೆ ಸೇರಿತು.

ಮಾರ್ಚ್ ಬಂತು. ಕುರ್ಚಿ ಯಾರಿಗೆ ಎಂದು ಮತಕ್ಕೆ ಹಾಕಿದರು. ಡಾರ್ಲೀನ್ ಕಿತ್ತಳೆ ಅಂಗಿಯಲ್ಲೇ ಎದ್ದು ನಿಂತಳು. ಕೈಯಲ್ಲಿ ಏನೂ ಇರಲಿಲ್ಲ.

"ನಾನು ಜಾಸ್ತಿ ಮಾತಾಡಲ್ಲ. ನಯಾಗರಾದಲ್ಲಿ ಪಣದ ಬಿಲ್ಲೆ ರಾಶಿ ಇರೋದು ಗೆದ್ದೋನ ಮುಂದೆ, ಗೆಲ್ಲಬೇಕಿದ್ದೋನ ಮುಂದೆ ಅಲ್ಲ. ಇವನನ್ನ ಕಳಿಸಿದ್ರೆ ಊಟದ ಹೊತ್ತಿಗೆ ಆಚೆ ಇರ್ತಾನೆ. ನನ್ನ ಕಳಿಸಿ. ಹಣಾನೂ ನನ್ನದೇ."

"ಹಣದ ಮಾತು ಸಣ್ಣತನ," ಎಂದು ಹಿಂದಿನಿಂದ ಯಾರೋ ಅಂದರು.

ಯಾರಿಗೂ ಅವಳ ಮೇಲೆ ದ್ವೇಷ ಇರಲಿಲ್ಲ. ಆದರೆ ಡಾರ್ಲೀನ್ ಗೆದ್ದಿದ್ದಾಳೆ ಎಂದು ಒಪ್ಪಿದರೆ ಆ ಕೋಣೆಯಲ್ಲಿದ್ದ ಮಿಕ್ಕವರೆಲ್ಲ ಸೋತಿದ್ದಾರೆ ಎಂದಾಗುತ್ತದೆ. ಒಂದು ಚಳಿಗಾಲ ಪೂರ್ತಿ ಗೆದ್ದವರಿಗೆ ಅದನ್ನು ಹೇಳುವುದು ಕಷ್ಟ. ಆದರೂ ಕೆಲವರು ಬೂಟು ನೋಡುತ್ತ ಡಾರ್ಲೀನ್ ಪರ ಕೈ ಎತ್ತಿದರು. ಎಣಿಸಿದಾಗ ಇಬ್ಬರಿಗೂ ಸಮ ಬಂತು. ಆಗ ವೆಂಡೆಲ್, ಹಿಮಪಾತದಿಂದ ಬರಲಾಗದ ಸದಸ್ಯರು ಬಂದಿದ್ದರೆ ಯಾರಿಗೆ ಕೈ ಎತ್ತಬೇಕಿತ್ತೆಂದು ಲೆಕ್ಕ ಹಾಕಿ ಸೇರಿಸಿದರು. ಲೂಸಿಯನ್ ಭಾರೀ ಬಹುಮತದಿಂದ ಆಯ್ಕೆಯಾದ.

ಅವನ ಕಾರು ಆ ಚಳಿಗೆ ಕೆಟ್ಟು ನಿಂತಿತ್ತು. ಡಾರ್ಲೀನ್‌ಗೆ ರಜೆ ಹೇಗೂ ಮಂಜೂರಾಗಿತ್ತು, ವಾಹನ ಓಡಿಸುವುದು ಅವಳ ಕಸುಬು. ಅವಳೇ ಅವನನ್ನು ಕರೆದೊಯ್ಯತಕ್ಕದ್ದೆಂದು ಸರ್ವಾನುಮತದ ಠರಾವಾಯಿತು. ಕರೆದೊಯ್ದಳು. ದಾರಿಯುದ್ದಕ್ಕೂ ಲೂಸಿಯನ್ ಹಿಂದಿನ ಸೀಟಿನಲ್ಲಿ ನಿದ್ದೆ ಮಾಡಿದ. ಪಂದ್ಯದ ಸಭಾಂಗಣದಲ್ಲಿ ಡಾರ್ಲೀನ್ ಹಗ್ಗದ ಆಚೆ ನಿಲ್ಲಬೇಕಾಯಿತು. ಅಲ್ಲಿಂದ ಅವಳಿಗೆ ಆಟಗಾರರ ಬೆನ್ನು ಕಂಡಿತು.

ಊಟಕ್ಕೆ ಮೊದಲೇ ಲೂಸಿಯನ್ ಆಚೆ ಬಂದ. ಅವನ ಹತ್ತಿರ ಜೋಡಿ ರಾಜ, ಎದುರಿನವನ ಹತ್ತಿರ ಜೋಡಿ ಎಕ್ಕ. ಈ ಸಲ ಸೋಲಬೇಕಿದ್ದವನೇ ಸೋತಿದ್ದ. ವಿಷಯ ಕ್ಲಿಷ್ಟವಾಯಿತು. ವೆಂಡೆಲ್ ಒಂದು ವಾರ ಅಧ್ಯಯನ ಮಾಡಿ ವರದಿ ಕೊಟ್ಟರು: ಎದುರಿನವನಿಗೆ ಎಕ್ಕ ಬರಬಾರದಿತ್ತು. ಬಾರದಿದ್ದರೆ ಲೂಸಿಯನ್ ಉಳಿಯುತ್ತಿದ್ದ. ಉಳಿದಿದ್ದರೆ ಇಡೀ ಪಂದ್ಯ ಗೆಲ್ಲಬೇಕಿತ್ತು. ಆದ್ದರಿಂದ ಗೆದ್ದಿದ್ದಾನೆ.

ಮಹಡಿಯಲ್ಲಿ ಸನ್ಮಾನ ನಡೆಯಿತು. ನಗರಸಭೆಯ ಸದಸ್ಯರೊಬ್ಬರು ಬಂದು, ನಮ್ಮ ಊರಿನಿಂದ ಹೋಗಿ ನಯಾಗರಾ ಗೆದ್ದ ಮೊದಲಿಗ ಎಂದು ಹೊಗಳಿದರು. ಅವರು ಚುನಾವಣೆಯಲ್ಲಿ ಹೇಗೆ ಗೆದ್ದರೆಂದು ಯಾರೂ ಕೇಳಲಿಲ್ಲ. ಕೇಕು ಹಂಚಿದರು. ಡಾರ್ಲೀನ್ ಎರಡು ತುಂಡು ತಿಂದಳು. ಆಮೇಲೆ ಆ ವಾರದ ತನ್ನ ಗೆಲುವನ್ನು ಒಪ್ಪಿಸಲು ಹೋಗಿ, ಯಾರೂ ಕೇಳುವ ಮುಂಚೆಯೇ ಅಪಘಾತದ ನಮೂನೆಯನ್ನು ತಾನೇ ಎಳೆದುಕೊಂಡು ತುಂಬಿದಳು.

"ಯಾಕೆ ಹೀಗೆ ಮಾಡ್ತೀಯ?" ಎಂದು ಕೇಳಿದೆ.

"ಏನ್ ಮಾಡೋದು. ತುಂಬಿಕೊಟ್ರೆ ಬೇಗ ಬಿಡ್ತಾರೆ. ವಾದ ಮಾಡಿದ್ರೆ ಕತ್ತಲಾಗತ್ತೆ."

"ಮುಂದಿನ ವರ್ಷದ ಕುರ್ಚಿ?"

ಡಾರ್ಲೀನ್ ಪೆನ್ನಿನ ಮುಚ್ಚಳ ಹಾಕಿದಳು. "ರಜೆ ಆಗಲೇ ಬರೆದುಕೊಟ್ಟಿದ್ದೀನಿ. ಯಾರನ್ನಾದ್ರೂ ಕರ್ಕೊಂಡು ಹೋಗ್ಬೇಕಲ್ಲ."

ಇದನ್ನು ಓದುತ್ತಿರುವ ನೀವು ಈ ಊರಿನವರಾದರೆ ಕೇಳಿ. ವಾರ್ಷಿಕ ಸಭೆ ಏಪ್ರಿಲ್ ತಿಂಗಳ ಮೊದಲ ಭಾನುವಾರ, ಮಧ್ಯಾಹ್ನ. ಸದಸ್ಯತ್ವ ಬಾಗಿಲಲ್ಲೇ ಸಿಗುತ್ತದೆ, ಪೋಕರ್ ಗೊತ್ತಿರಬೇಕೆಂಬ ನಿಯಮ ಇಲ್ಲ. ಹಿಮ ಬಿದ್ದಿದೆ, ಕಾಲು ನೋಯುತ್ತಿದೆ, ನನಗೇನು ಎಂದು ಮನೆಯಲ್ಲಿ ಕೂರಬೇಡಿ. ಮೆಟ್ಟಿಲು ಹತ್ತಿ ಬನ್ನಿ. ಡಾರ್ಲೀನ್ ಕೂಸಿಸ್ಟೊ ಗೆದ್ದಳೇ ಎಂದು ನಾನು ಕೇಳಿದಾಗ ಕೈ ಎತ್ತಿ, ಎಣಿಸಿ ಮುಗಿಸುವ ತನಕ ಇಳಿಸಬೇಡಿ.