ಸಾವ್ಕಾರ್ರು ಓಡಿದರೆ ಮಳೆಯಲ್ಲ

"ಇನ್ನೊಂದು ತಿಂಗಳದಾಗ ಮೂರು ಕೆ.ಜಿ. ಇಳಿಸದಿದ್ರ ನನ್ನ ಬಿ.ಎಸ್ಸಿ. ಸರ್ಟಿಫಿಕೇಟ್ ಒಲಿಗೆ ಹಾಕು!"

ಹರಪನಹಳ್ಳಿಯ ಮೆಕ್ಕೆಜೋಳದ ವ್ಯಾಪಾರಿ ಗುರುಸಂಗಪ್ಪ ಹೀಗೆ ಘೋಷಿಸಿದಾಗ ಅವನ ಕೈಯಲ್ಲಿ ಮಿರ್ಚಿ ಬಜ್ಜಿ ಇತ್ತು. ಎದುರಿಗಿದ್ದ ಹೆಂಡತಿ ಕೊಟ್ರಬಸಮ್ಮನ ಕೈಯಲ್ಲಿ ಅವನ ರಕ್ತಪರೀಕ್ಷೆಯ ವರದಿ ಇತ್ತು.

"ಮನ್ಯಾಗ ಒಲಿ ಎಲ್ಲೈತ್ರಿ, ಗ್ಯಾಸ್ ಐತಿ," ಅಂದಳು ಆಕೆ. "ಸರ್ಟಿಫಿಕೇಟ್ ಹಂಗ ಇರ್ಲಿ. ಎಂಬತ್ತಾರು ಇದ್ದದ್ದು ಎಂಬತ್ತಮೂರಕ್ಕ ಬರಲಿಲ್ಲಂದ್ರ ಮಿರ್ಚಿ ಬಂದ್. ಒಪ್ಪಿಗೇನು?"

ಗುರುಸಂಗಪ್ಪ ಕೈಯ ಮಿರ್ಚಿಯನ್ನೊಮ್ಮೆ ನೋಡಿಕೊಂಡ. ಸಂಜೆ ಐದೂವರೆಗೆ ಬಸ್ ಸ್ಟ್ಯಾಂಡ್ ಹಿಂದಿನ ಅಂಗಡಿಯಲ್ಲಿ ನಾಲ್ಕು ಮಿರ್ಚಿ, ಒಂದು ತಟ್ಟೆ ಮಂಡಕ್ಕಿ. ಇದು ಇಪ್ಪತ್ತೆರಡು ವರ್ಷದ ವ್ರತ! ಮದುವೆಯ ದಿನವೂ ತಪ್ಪಿರಲಿಲ್ಲ. ಮದುಮಗನನ್ನು ಬೀಗರು ಹುಡುಕಿಕೊಂಡು ಅಲ್ಲಿಗೇ ಬಂದಿದ್ದರು.

"ಒಪ್ಪಿಗಿ!" ಅಂದ, ಮಿರ್ಚಿ ಕಚ್ಚಿ.

"ದಿನಾ ಒಂದು ತಾಸು ನಡೀರಿ, ಸಾಕು."

"ನಡಿಯೂದು ಹಳೇದಾತು. ಇದು ಇಂಟರ್‌ವಲ್ ಟ್ರೈನಿಂಗ್! ಮೂವತ್ತು ಸೆಕೆಂಡ್ ಜೀವ ಕೈಯಾಗ ಹಿಡಕೊಂಡು ಓಡೂದು, ಒಂದೂವರಿ ನಿಮಿಷ ಸಾವಕಾಶ ನಡಿಯೂದು. ಹಿಂಗ ಹತ್ತು ಸುತ್ತು. ಓಟ ನಿಂತ ಮ್ಯಾಲೂ ಕೊಬ್ಬು ಕರಗತಿರ್ತೈತಿ!"

"ನಿಂತ ಮ್ಯಾಲ ಎಷ್ಟು ಕರಗತೈತಿ?"

"ಸ್ವಲ್ಪ."

"ಸ್ವಲ್ಪ ಅಂದ್ರ?"

ಗುರುಸಂಗಪ್ಪ ಇದನ್ನೆಲ್ಲ ಬರೆದಿಟ್ಟುಕೊಂಡಿದ್ದ ನೋಟ್‌ಬುಕ್ ತೆರೆದು ನೋಡಿದ. ಸುಳ್ಳು ಹೇಳುವ ಮನುಷ್ಯನಲ್ಲ. "ಒಂದು ಮಿರ್ಚಿಗಿಂತ ಕಡಿಮಿ," ಎಂದು ಮೆಲ್ಲಗೆ ಒಪ್ಪಿಕೊಂಡ.

ರಸ್ತೆಯಲ್ಲಿ ಓಡಿದರೆ ನಾಯಿಗಳೂ ಪರಿಚಯದವರೂ ಬಿಡುವುದಿಲ್ಲ. ಹಾಗಾಗಿ ತನ್ನ ವ್ಯಾಪಾರದ ಅಂಗಡಿಯ ಹಿಂದೆ ಜೋಳ ಒಣಗಿಸುವ ಕಣವನ್ನೇ ಆರಿಸಿಕೊಂಡ. ಸಿಮೆಂಟಿನ ನೆಲ, ನಡುವೆ ಹರವಿದ ಜೋಳ, ಸುತ್ತಲೂ ಓಡಲು ಅಂಚು. ಮೊದಲ ದಿನ ಟೈಮರ್ ಇಟ್ಟ ಮೊಬೈಲ್ ಕೀಂ ಎಂದಿತು. ಗುರುಸಂಗಪ್ಪ ಬಾಣದಂತೆ ಹೊರಟ.

ಜೋಳ ಕೆದರುತ್ತಿದ್ದ ಕರಿಯಕ್ಕ ತಲೆ ಎತ್ತಿದಳು. ಕಣದಲ್ಲಿ ಸಾವ್ಕಾರ ಓಡುವುದಕ್ಕೆ ಈ ಸೀಮೆಯಲ್ಲಿ ಒಂದೇ ಒಂದು ಕಾರಣವಿದೆ.

"ಮಳಿ ಬಂತ್ರೇ! ಏಳ್ರೇ!"

ಕೂಲಿಯ ಆರೂ ಹೆಂಗಸರು ಎದ್ದರು. ಜೋಳ ಗುಡ್ಡೆಯಾಗತೊಡಗಿತು, ತಾಡಪತ್ರಿ ಬಿಚ್ಚಿಕೊಂಡಿತು. ಅಷ್ಟರಲ್ಲಿ ಮೊಬೈಲ್ ಕೀಂ ಎಂದಿತು. ಸಾವ್ಕಾರ ಕೈಬೀಸಿಕೊಂಡು ನಡೆಯತೊಡಗಿದ. ಹೆಂಗಸರು ಆಕಾಶ ನೋಡಿದರು. ತೊಳೆದಿಟ್ಟಂತೆ ನೀಲಿ! ಮತ್ತೆ ಹರವಿದರು. ಕೀಂ! ಮತ್ತೆ ಓಡಿದ. ಮತ್ತೆ ಗುಡ್ಡೆ ಹಾಕಿದರು. ನಾಲ್ಕನೆಯ ಸುತ್ತಿಗೆ ಅಂಜಿನಕ್ಕ ತಾಡಪತ್ರಿಯ ತುದಿ ಹಿಡಿದೇ ಕುಕ್ಕರಿಸಿದಳು.

"ಸಾವ್ಕಾರ್ರೇ, ಮಳಿ ಬರ್ತೈತೋ ಇಲ್ಲೋ ಒಂದು ಹೇಳ್ರಿ! ನಮ್ಮ ಜೀವ ಹೊಂಟೈತಿ!"

ಗುರುಸಂಗಪ್ಪ ಎಲ್ಲರನ್ನೂ ಕೂಡಿಸಿ ನಿಯಮ ಹೇಳಿದ. "ನಾ ಓಡಿದ್ರ ಮಳಿ ಅಲ್ಲ, ಹೊಟ್ಟಿ ಕರಗಸಾಕತ್ತೀನಿ. ನಾ ಎಷ್ಟು ಓಡಿದ್ರೂ, ಎಷ್ಟು ಒದರಿದ್ರೂ ಯಾರೂ ಏಳಬಾರ್ದು."

"ಒದರೂದೂ ಐತೇನ್ರಿ?" ಕರಿಯಕ್ಕ ಕೇಳಿದಳು.

"ಕೊನಿ ಸುತ್ತಿನ್ಯಾಗ ಜೋಶ್ ಬರ್ತೈತಿ."

"ಆತು ಬಿಡ್ರಿ."

ನಾಲ್ಕು ವಾರ ಯಜ್ಞ ನಡೆಯಿತು. ಕಣದ ತೂಕದ ಯಂತ್ರದ ಮೇಲೆ ನಿಂತು ದಿನವೂ ನೋಟ್‌ಬುಕ್ಕಿನಲ್ಲಿ ತೂಕದ ಗ್ರಾಫ್ ಬರೆದ. ಓಡಿದ ಕೂಡಲೇ, ನೀರು ಕುಡಿಯುವ ಮುಂಚೆ ನಿಂತರೆ ಗೆರೆ ಚೆನ್ನಾಗಿ ಇಳಿಯುತ್ತದೆಂದು ಕಂಡುಕೊಂಡ. ಸ್ವೆಟರ್ ಹಾಕಿಕೊಂಡು ಓಡಿದರೆ ಇನ್ನೂ ಚೆನ್ನಾಗಿ! ಓಡಿದ ಹಸಿವಿಗೆ ನಾಲ್ಕು ಮಿರ್ಚಿ ಐದಾಗಿದ್ದವು. ಅದನ್ನು ತೋರಿಸಲು ಗ್ರಾಫಿನಲ್ಲಿ ಜಾಗವಿರಲಿಲ್ಲ.

ಕೊನೆಯ ದಿನ ಗೆರೆ ಎಂಬತ್ತಮೂರೂವರೆಯಲ್ಲಿತ್ತು. ಇನ್ನು ಅರ್ಧ ಕೆ.ಜಿ.! ಬೆಳಗಿನಿಂದ ಹನಿ ನೀರು ಮುಟ್ಟದೆ, ಮಧ್ಯಾಹ್ನ ಮೂರಕ್ಕೆ ಸ್ವೆಟರ್ ಏರಿಸಿ ಕಣಕ್ಕಿಳಿದ. ಸಾಕ್ಷಿಯಾಗಿ ಕೊಟ್ರಬಸಮ್ಮ ಮಜ್ಜಿಗೆಯ ಕ್ಯಾನ್ ಸಮೇತ ಬಂದು ಕುಳಿತಳು.

ಏಳನೆಯ ಸುತ್ತು. ಮೂಗಿನ ಮೇಲೆ ದಪ್ಪದೊಂದು ಹನಿ. ಗುರುಸಂಗಪ್ಪ ತಲೆ ಎತ್ತಿದ. ಪಡುವಣ ದಿಕ್ಕಿಗೆ ಎಮ್ಮೆಯಂಥ ಮೋಡ!

"ಮಳಿ! ಮಳಿ ಬಂತು! ಏಳ್ರೇ!"

ನೆರಳಲ್ಲಿ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದ ಕರಿಯಕ್ಕ ಪಕ್ಕದವಳನ್ನು ತಿವಿದಳು. "ಜೋಶ್ ಬಂತು ನೋಡು."

"ಖರೇನ ಮಳಿ ಐತ್ರೇ! ನಿಮ್ಮ ಕಾಲಿಗೆ ಬೀಳ್ತೀನಿ!" ಗುರುಸಂಗಪ್ಪ ತಾಡಪತ್ರಿಯನ್ನು ಒಬ್ಬನೇ ಎಳೆಯತೊಡಗಿದ.

"ಇವತ್ತು ಭಾರ ಎತ್ತೂದೂ ಐತಿ!" ಎಂದು ಅಂಜಿನಕ್ಕ ಚಪ್ಪಾಳೆ ತಟ್ಟಿದಳು.

ಕೊಟ್ರಬಸಮ್ಮ ಸೆರಗು ಬಿಗಿದು ಕಣಕ್ಕೆ ಹಾರಿದಾಗಲೇ ಹೆಂಗಸರಿಗೆ ನಂಬಿಕೆ ಬಂದದ್ದು. ಎಂಟೂ ಜನ ಬಿದ್ದು ಎದ್ದು ಜೋಳ ಗುಡ್ಡೆ ಹಾಕಿ ಮುಚ್ಚಿದರು. ಅಂಚಿನ ಎರಡು ಚೀಲದಷ್ಟು ನೆನೆಯಿತು, ಉಳಿದದ್ದು ಉಳಿಯಿತು. ಮನುಷ್ಯರು ಮಾತ್ರ ಒಬ್ಬರೂ ಉಳಿಯಲಿಲ್ಲ, ಪೂರ್ತಿ ತೊಯ್ದು ತೊಪ್ಪೆ!

ಮಳೆ ನಿಂತಿತು. "ಹತ್ರಿ ತೂಕಕ್ಕ," ಅಂದಳು ಕೊಟ್ರಬಸಮ್ಮ.

ಯಂತ್ರ ಎಂಬತ್ತಾರೂವರೆ ತೋರಿಸಿತು.

"ಅನ್ಯಾಯ! ಸ್ವೆಟರ್ ನೀರು ಕುಡದೈತಿ. ಹಸಿ ಕಳೀಬೇಕು!"

"ಆತು, ಕಳೀರಿ." ಒಣಗಿದ ಪಂಚೆ ಕೊಟ್ಟಳು. ಬಾಯಿ ಒಣಗಿ ತುಟಿ ಬಿಳಿಚಿದ್ದನ್ನು ನೋಡಿ ಎರಡು ಚೊಂಬು ಮಜ್ಜಿಗೆಯನ್ನೂ ಕುಡಿಸಿದಳು. ಮತ್ತೆ ಹತ್ತಿಸಿದಳು. ಎಂಬತ್ತೈದೂವರೆ.

"ಇದೆಂಗಾತು? ಗ್ರಾಫಿನ್ಯಾಗ..."

"ಹಸಿ ಜೋಳ ತಂದ ರೈತ್ರಿಗೆ ಏನಂತೀರ್ರಿ ನೀವು? 'ಒಣಗಿದ್ರ ತೂಕ ಇಳಿತೈತಿ, ಇಳಿದದ್ದು ನೀರು, ಕಾಳಲ್ಲ' ಅಂತೀರಿಲ್ಲೋ? ಇಪ್ಪತ್ತೆರಡು ವರ್ಷ ಊರಿಗೆ ಹೇಳೀರಿ." ಆಕೆ ಅವನ ಹೊಟ್ಟೆಯನ್ನು ಎರಡು ಬೆರಳಿನಿಂದ ತಟ್ಟಿದಳು. "ನಿಮ್ಮದೂ ನೀರು ಹೋಗೈತಿ. ಕಾಳು ಇಲ್ಲೇ ಅದಾವ."

ಗುರುಸಂಗಪ್ಪ ನೋಟ್‌ಬುಕ್ ತೆರೆದ. ಮುಚ್ಚಿದ.

"ಅರ್ಧ ಕೆ.ಜಿ. ಖರೇನ ಇಳದೀರಿ," ಅಂದಳು ಕೊಟ್ರಬಸಮ್ಮ, ಟವೆಲ್ಲಿನಿಂದ ಅವನ ತಲೆ ಒರೆಸುತ್ತ. "ನಾಳಿಂದ ನಾನೂ ಬರ್ತೀನಿ, ಕೂಡಿ ನಡಿಯೂಣು. ನನಗ ನೀವು ಇರಬೇಕ್ರಿ, ಗ್ರಾಫ್ ಅಲ್ಲ."

"ಹಂಗಾರ... ಮಿರ್ಚಿ?"

"ಬಂದ್! ಆದ್ರ ಇವತ್ತು ಹೋಗಿ ತರ್ರಿ, ಇವ್ರಿಗೆ. ತಲಿಗೆ ನಾಕು. ಚಳಿಗೆ ನಡುಗಾಕತ್ಯಾರ."

"ಆರೂದ್ರಾಗ ಬರ್ರಿ ಸಾವ್ಕಾರ್ರೇ!" ಕರಿಯಕ್ಕ ಕೂಗಿದಳು. "ಈಗ ಓಡಿದ್ರ ನಾವೆಲ್ಲಾ ಎದ್ದು ನಿಂದರ್ತೀವಿ!"

ಇಪ್ಪತ್ತನಾಲ್ಕು ಬಿಸಿ ಮಿರ್ಚಿಯ ಪೊಟ್ಟಣ ಎದೆಗವಚಿಕೊಂಡು ಗುರುಸಂಗಪ್ಪ ಬಸ್ ಸ್ಟ್ಯಾಂಡಿನಿಂದ ಕಣದವರೆಗೆ ಓಡಿದ. ಘಮ ಮೂಗಿಗೆ ಬಡಿಯುತ್ತಿತ್ತು. ಅರ್ಧ ನಿಮಿಷ ನಡೆದರೂ ಇಪ್ಪತ್ತನಾಲ್ಕು ಇಪ್ಪತ್ಮೂರಾಗುತ್ತದೆಂದು ಅವನಿಗೆ ಗೊತ್ತಿತ್ತು. ಅದಕ್ಕೇ ನಡುವೆ ಒಂದೂ ಇಂಟರ್‌ವಲ್ ತೆಗೆದುಕೊಳ್ಳಲಿಲ್ಲ.